ಓದುಗರ ಪ್ರಶ್ನೆ, ನಮ್ಮ ಉತ್ತರ: ಧರ್ಮಸೇವೆಗೆಂದು ಇಂಗ್ಲೆಂಡಿಗೆ ಹೋದ ಹಿರಿಯರು

ಪ್ರಶ್ನೆ: ಶರಣು ಶರಣಾರ್ಥಿ. ನಾವು ಬಾಗಲಕೋಟೆ ನವನಗರದವರು. ಹೈಸ್ಕೂಲ್ ಶಿಕ್ಷಕರಾಗಿ ನಿವೃತ್ತರಾದ ನನ್ನ ಯಜಮಾನರಿಗೆ 68 ವರ್ಷ, ನನಗೆ 64. ಇಂಗ್ಲೆಂಡಿನಲ್ಲಿರುವ ನಮ್ಮ ಕಡೆಯ ಕುಟುಂಬಗಳು ತಮ್ಮ ಮಕ್ಕಳಿಗೆ ವಚನಗಳನ್ನೂ ಇಷ್ಟಲಿಂಗ ಪೂಜೆಯ ಕ್ರಮವನ್ನೂ ಕಲಿಸಲು ಎರಡು ವರ್ಷದ ಮಟ್ಟಿಗೆ ಬರಬೇಕೆಂದು ಕೇಳಿಕೊಂಡಾಗ, ಇದು ಬಸವಣ್ಣನವರ ಕೆಲಸವೆಂದು ಇಬ್ಬರೂ ಸಂತೋಷದಿಂದ ಒಪ್ಪಿ ಆಗಸ್ಟ್‌ನಲ್ಲಿ ಇಲ್ಲಿಗೆ ಬಂದೆವು. ಯಜಮಾನರಿಗೆ ಒಂದು ಗಳಿಗೆಯೂ ಬಿಡುವಿಲ್ಲ; ಎಲ್ಲರೂ ಗೌರವದಿಂದ ಕರೆದೊಯ್ಯುತ್ತಾರೆ. ಊರಿನಲ್ಲಿ ಅಕ್ಕನ ಬಳಗದವರಿಗೆ ವಾರವಾರ ವಚನ ಹಾಡಿಸುತ್ತಿದ್ದ ನನಗೆ ಇಲ್ಲಿ ಭಾನುವಾರದ ಪ್ರಸಾದದ ಅಡುಗೆ ಬಿಟ್ಟರೆ ಬೇರೆ ಕೆಲಸವಿಲ್ಲ. ಇಂಗ್ಲಿಷ್ ಬಾರದು. ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ರೊಟ್ಟಿ ಬಡಿಯಲು ಕುಳಿತರೆ ಹರಿದು ಹೋಗುತ್ತದೆ, ಬೇಯಿಸಲು ಹೋದರೆ ಹೊಗೆಯ ಅಲಾರಂ ಕೂಗುತ್ತದೆ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿರುವ ಬಸವಣ್ಣನವರ ಪ್ರತಿಮೆಯ ದರ್ಶನಕ್ಕೆ ಹೋದ ದಿನವೂ ನನಗೆ ಅಳು ತಡೆಯಲಾಗಲಿಲ್ಲ. ಊರಿಗೆ ಹೋಗೋಣವೆಂದರೆ ಅವರು, ‘ಒಪ್ಪಿಕೊಂಡ ಸೇವೆಯನ್ನು ಅರ್ಧಕ್ಕೆ ಬಿಡುವುದೇ?’ ಎನ್ನುತ್ತಾರೆ. ನನ್ನ ಭಕ್ತಿಯೇ ಕಡಿಮೆಯಾಯಿತೇ? ಹಿಂತಿರುಗಿದರೆ ತಪ್ಪಾಗುತ್ತದೆಯೇ?
– ಹೆಸರು ಬೇಡ

ಉತ್ತರ: ತಾಯಿ, ನಿಮಗೂ ಶರಣು ಶರಣಾರ್ಥಿ. ನಿಮ್ಮ ಭಕ್ತಿ ಎಳ್ಳಷ್ಟೂ ಕಡಿಮೆಯಾಗಿಲ್ಲ. ಸೇವೆಗೆ ಒಪ್ಪಿದವರು ಇಬ್ಬರು, ಆದರೆ ಕೆಲಸ ಸಿಕ್ಕಿದ್ದು ಒಬ್ಬರಿಗೆ ಮಾತ್ರ. ನಿಮ್ಮ ಸಂಕಟದ ಬೇರು ಇರುವುದು ಅಲ್ಲಿ ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಚಳಿ, ಕತ್ತಲೆ, ಭಾಷೆ ಇವೆಲ್ಲ ನಿಜವಾದ ಕಷ್ಟಗಳೇ ಆದರೂ, ಕೈಯಲ್ಲಿ ತನ್ನದೇ ಆದ ಕಾಯಕವಿದ್ದವರು ಅವುಗಳನ್ನು ತಡೆದುಕೊಳ್ಳುತ್ತಾರೆ.

ಈ ಮಾತನ್ನು ನಿಮ್ಮ ಯಜಮಾನರಿಗೆ ಹೇಳಲು ಸಂಕೋಚವಾದರೆ ಬಸವಣ್ಣನವರ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಿರಿ. ಅವರ ಪತಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹೇಳಿದವರು ಲಕ್ಕಮ್ಮನವರು. ಅನುಭಾವದ ಗೋಷ್ಠಿಯಲ್ಲಿ ಮೈಮರೆತಿದ್ದ ಪತಿಗೆ ಕಾಯಕ ನಿಂತಿದೆಯೆಂದು ಎಚ್ಚರಿಸಿದವರೂ ಅವರೇ. ಅದನ್ನು ಯಾರೂ ಭಕ್ತಿಯ ಕೊರತೆ ಎನ್ನಲಿಲ್ಲ. ಮಕ್ಕಳಿಗೆ ಶರಣೆಯರ ಬಗ್ಗೆ ಪಾಠ ಹೇಳುತ್ತಿರುವ ನಿಮ್ಮ ಯಜಮಾನರಿಗೆ ಈ ಪ್ರಸಂಗ ತಿಳಿಯದೇ ಇರಲಾರದು.

ನೀವು ನವನಗರದವರೆಂದು ಬರೆದಿದ್ದೀರಿ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೇ ಬಾಗಲಕೋಟೆಗೆ ಬಂದಾಗ ಹುಟ್ಟಿ ಬೆಳೆದ ಓಣಿಗಳನ್ನು ಬಿಟ್ಟು, ಸೆಕ್ಟರ್ ಸಂಖ್ಯೆಯಿಂದ ಗುರುತಿಸುವ ಬಡಾವಣೆಗಳಲ್ಲಿ ಹೊಸ ನೆರೆಹೊರೆ ಕಟ್ಟಿಕೊಂಡ ಜನ ನಿಮ್ಮ ಸುತ್ತಲೇ ಇದ್ದಾರೆ. ಅಲ್ಲಿ ಬೀಗರು, ಬಳಗ, ಅಂಗಡಿಕಾರರು ಎಲ್ಲರೂ ಜೊತೆಗೇ ಸ್ಥಳಾಂತರವಾದರು. ಈಗ ನಿಮ್ಮ ಜೊತೆ ಬಂದವರು ಯಜಮಾನರೊಬ್ಬರೇ, ಅವರೂ ಮನೆಯಲ್ಲಿರುವುದಿಲ್ಲ. ಆದ್ದರಿಂದ ‘ಎಲ್ಲರೂ ಹೊಂದಿಕೊಳ್ಳುತ್ತಾರೆ, ನಾನೇಕೆ ಹೊಂದಿಕೊಳ್ಳಲಾರೆ’ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ದಿನದ ಯಾವ ಹೊತ್ತು ಭಾರವೆನಿಸುತ್ತದೆ ಎಂಬುದನ್ನು ಸ್ವಲ್ಪ ಗಮನಿಸೋಣ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ಇಂಗ್ಲೆಂಡಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಕತ್ತಲು ಕವಿಯುವ ನಾಲ್ಕು ಗಂಟೆ ಎಂದರೆ ಬಾಗಲಕೋಟೆಯಲ್ಲಿ ರಾತ್ರಿ 9:30; ಮಾತು ಬೇಕೆನಿಸುವ ಹೊತ್ತಿಗೆ ನಿಮ್ಮ ಅಕ್ಕತಂಗಿಯರು ಹಾಸಿಗೆ ಹಾಸುತ್ತಿರುತ್ತಾರೆ. ಹಾಗಾಗಿ ಊರಿನ ಫೋನನ್ನು ಬೆಳಗಿನ ಪೂಜೆ, ಉಪಾಹಾರ ಮುಗಿದ ಒಂಬತ್ತರ ಹೊತ್ತಿಗೆ ಇಟ್ಟುಕೊಳ್ಳಿ. ಆಗ ಇಲ್ಲಿ ಮಧ್ಯಾಹ್ನ ಎರಡೂವರೆ, ಅಡುಗೆ ಊಟ ಮುಗಿಸಿ ಹೆಂಗಸರು ಕೂರುವ ಸಮಯ. ಸಂಜೆಯ ಹೊತ್ತಿಗೆ ಮಾತ್ರ ಅಲ್ಲಿನವರೇ ಬೇಕು. ಶಾಲೆಯಿಂದ ಮಕ್ಕಳು ಮರಳುವುದೂ ಸುಮಾರು ಅದೇ ಹೊತ್ತಿಗೆ. ವಾರದಲ್ಲಿ ಎರಡು ಸಂಜೆ ಯಾವುದಾದರೂ ಒಂದು ಮನೆಯಲ್ಲಿ ಮಕ್ಕಳಿಗೂ ಅವರ ತಾಯಂದಿರಿಗೂ ವಚನ ಹಾಡಿಸುವ ಹೊಣೆಯನ್ನು ನನಗೆ ಕೊಡಿ ಎಂದು ಕರೆಸಿಕೊಂಡ ಕುಟುಂಬಗಳನ್ನು ಬಾಯಿಬಿಟ್ಟು ಕೇಳಿ. ಅಕ್ಕನ ಬಳಗವನ್ನು ಅಲ್ಲಿಯೂ ಕಟ್ಟಬಹುದು. ಕಲಿಸುವುದು ಶಿಕ್ಷಕರ ಕೆಲಸ, ಅಡುಗೆ ಅಮ್ಮನವರ ಕೆಲಸ ಎಂಬ ಹಂಚಿಕೆಯನ್ನು ಅವರು ಯೋಚಿಸದೆಯೇ ಮಾಡಿರುತ್ತಾರೆ. ಪ್ರಸಾದದ ಪಾತ್ರೆ ತೊಳೆಯುವ ಕೆಲಸಕ್ಕೆ ಸರದಿ ಹಾಕಿಕೊಳ್ಳಲಿ, ದಾಸೋಹ ಎಲ್ಲರದು.

ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ಚರ್ಚಿನಲ್ಲಿ ನಿವೃತ್ತ ದಂಪತಿಗಳು ತಮ್ಮದೇ ಖರ್ಚಿನಲ್ಲಿ ಪರದೇಶಗಳಿಗೆ ಧರ್ಮಸೇವೆಗೆ ಹೋಗುವ ಪದ್ಧತಿಯಿದೆ. ಅವಧಿ 6ರಿಂದ 23 ತಿಂಗಳು. ಅಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಸೇವಕರೆಂದೇ ನೇಮಿಸುತ್ತಾರೆ, ಮತ್ತು ತರುಣ ಸೇವಕರಿಗಿರುವ ಬಿಗಿಯಾದ ದಿನಚರಿಯನ್ನು ಹಿರಿಯರ ಮೇಲೆ ಹೇರುವುದಿಲ್ಲ. ಮತ ಬೇರೆಯಾದರೂ ಈ ಎರಡು ಕ್ರಮಗಳನ್ನು ನಮ್ಮವರು ಕಲಿಯುವುದು ಒಳ್ಳೆಯದು. ವಾರಕ್ಕೊಂದು ದಿನ ನಿಮ್ಮ ಯಜಮಾನರು ಯಾರ ಮನೆಗೂ ಹೋಗದೆ ನಿಮ್ಮೊಂದಿಗೆ ಇರಲಿ. ಗ್ರಂಥಾಲಯಕ್ಕೋ ಪೇಟೆಗೋ ಇಬ್ಬರೂ ಕೂಡಿ ನಡೆದು ಹೋಗಿ. ಅಲ್ಲಿನ ಅನೇಕ ಗ್ರಂಥಾಲಯಗಳಲ್ಲಿ ಹೊಸಬರು ಇಂಗ್ಲಿಷ್ ಮಾತನಾಡಲು ಕಲಿಯುವ ಕೂಟಗಳು ನಡೆಯುತ್ತವೆ.

ಇನ್ನು ದೇಹದ ಮಾತು. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಎಂಟರ ಸುಮಾರಿಗೆ ಮೂಡಿ ನಾಲ್ಕರೊಳಗೆ ಮುಳುಗುತ್ತಾನೆ, ಹಲವು ದಿನ ಮೋಡದಿಂದ ಹೊರಗೇ ಬರುವುದಿಲ್ಲ. ಆದ್ದರಿಂದ ಮಧ್ಯಾಹ್ನದ ಮುಂಚೆ ಒಂದು ಸುತ್ತು ನಡೆದು ಬರಲೇಬೇಕು. ಕಪ್ಪು ಮೈಬಣ್ಣದವರು ವರ್ಷಪೂರ್ತಿ ದಿನಕ್ಕೆ 10 ಮೈಕ್ರೋಗ್ರಾಂ ಡಿ ಜೀವಸತ್ವ ತೆಗೆದುಕೊಳ್ಳುವುದನ್ನು ಪರಿಗಣಿಸಬೇಕೆಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೇ ಸಲಹೆ ನೀಡುತ್ತದೆ. ನೀವು ಬೇರೆ ಔಷಧ ಸೇವಿಸುತ್ತಿದ್ದರೆ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಬಾರದೆ, ಊಟ ಸೇರದೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ಅದನ್ನು ಮನಸ್ಸಿನ ದೌರ್ಬಲ್ಯವೆಂದು ಮುಚ್ಚಿಡದೆ ನೀವು ಹೆಸರು ನೋಂದಾಯಿಸಿಕೊಂಡಿರುವ ವೈದ್ಯರಿಗೆ ತಿಳಿಸಿ. ಭಾಷೆಯ ಅಂಜಿಕೆ ಬೇಡ. ಮೊದಲೇ ಕೇಳಿದರೆ ದುಭಾಷಿಯನ್ನು ಉಚಿತವಾಗಿ ಒದಗಿಸುತ್ತಾರೆ.

ರೊಟ್ಟಿಯ ವಿಷಯವನ್ನು ಸಣ್ಣದೆಂದು ನಾನು ತಿಳಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಜೋಳದ ಹಿಟ್ಟು ಬೀಸಿ ಬಹಳ ದಿನವಾಗಿರುವುದರಿಂದ ಜಿಗಿ ಕಳೆದುಕೊಂಡಿರುತ್ತದೆ. ನೀರನ್ನು ಕುದಿಸಿ ಎಸರು ಹಾಕಿ, ಬಿಸಿಯಿರುವಾಗಲೇ ಊರಿನಲ್ಲಿ ನಾದುವುದಕ್ಕಿಂತ ಹೆಚ್ಚು ಹೊತ್ತು ನಾದಿ, ಸ್ವಲ್ಪ ಗೋಧಿ ಹಿಟ್ಟು ಬೆರೆಸಿದರೆ ಅಂಚು ಹರಿಯುವುದು ನಿಲ್ಲುತ್ತದೆ. ಬೇಯಿಸುವಾಗ ಕಿಟಕಿ ತೆರೆದು, ಒಲೆಯ ಮೇಲಿನ ಫ್ಯಾನ್ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳಿ. ಅಲಾರಂಗೆ ಬಟ್ಟೆ ಕಟ್ಟುವುದಾಗಲಿ ಅದರ ಬ್ಯಾಟರಿ ತೆಗೆಯುವುದಾಗಲಿ ಕೂಡದು.

ಹಿಂತಿರುಗುವುದು ತಪ್ಪಲ್ಲ. ಆದರೆ ಆ ತೀರ್ಮಾನವನ್ನು ಈ ಕತ್ತಲೆಯ ತಿಂಗಳುಗಳಲ್ಲಿ ಮಾಡಬೇಡಿ. ಏಪ್ರಿಲ್‌ವರೆಗೆ ನಿಮ್ಮದೇ ಕಾಯಕವನ್ನು ನಡೆಸಿ ನೋಡಿ, ಹಗಲು ದೊಡ್ಡದಾದ ಮೇಲೆ ಇಬ್ಬರೂ ಕುಳಿತು ಮಾತನಾಡಿ. ಆಗಲೂ ಮನಸ್ಸು ಒಗ್ಗದಿದ್ದರೆ, ಕರೆಸಿಕೊಂಡವರಿಗೆ ಸಾಕಷ್ಟು ಮುಂಚಿತವಾಗಿ ತಿಳಿಸಿ, ಮಕ್ಕಳ ಪಾಠವನ್ನು ಮುಂದುವರಿಸುವವರನ್ನು ಗೊತ್ತುಮಾಡಿ ಮರಳಿ ಬನ್ನಿ. ನಿಮ್ಮ ಯಜಮಾನರು ಈ ಪುಟವನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ: ಸರ್, ಇಂದು ಸಂಜೆ ಬೇಗ ಮನೆಗೆ ಬನ್ನಿ.

ಪ್ರಶ್ನೆ: ನನ್ನ ತಂದೆ ತಾಯಿಯೂ ಇಂಥದೇ ಸೇವೆಗೆ ಮುಂದಿನ ವರ್ಷ ಇಂಗ್ಲೆಂಡಿಗೆ ಹೊರಟಿದ್ದಾರೆ. ತಂದೆಯವರು ಪಿಂಚಣಿದಾರರು. ಇಲ್ಲಿಂದಲೇ ಏನೇನು ಸಿದ್ಧತೆ ಮಾಡಿಸಬೇಕು?
– ಓದುಗರೊಬ್ಬರು, ಬಸವನ ಬಾಗೇವಾಡಿ

ಉತ್ತರ: ತಾತ್ಕಾಲಿಕ ಧಾರ್ಮಿಕ ಸೇವೆಯ ವೀಸಾ ಹೆಚ್ಚೆಂದರೆ ಎರಡು ವರ್ಷದ್ದು, ಮತ್ತು ಕರೆಸಿಕೊಳ್ಳುವ ಸಂಸ್ಥೆಗೆ ಅಲ್ಲಿನ ಸರ್ಕಾರದ ಪರವಾನಗಿ ಇರಲೇಬೇಕು, ಮೊದಲು ಅದನ್ನು ಖಚಿತಪಡಿಸಿಕೊಳ್ಳಿ. ಆರು ತಿಂಗಳಿಗಿಂತ ಹೆಚ್ಚು ಕಾಲ ಇರುವವರು ಇಲ್ಲಿನ ಮಾನ್ಯತೆ ಪಡೆದ ಕೇಂದ್ರದಲ್ಲಿ ಕ್ಷಯರೋಗದ ತಪಾಸಣೆ ಮಾಡಿಸಬೇಕಾಗುತ್ತದೆ. ಅರ್ಜಿಯ ಜೊತೆಗೇ ಆರೋಗ್ಯ ಶುಲ್ಕವನ್ನು ಕಟ್ಟಬೇಕು. 2024ರ ಫೆಬ್ರುವರಿಯಲ್ಲಿ ಅದು ಒಬ್ಬರಿಗೆ ವರ್ಷಕ್ಕೆ 1,035 ಪೌಂಡ್‌ಗೆ ಏರಿತು. ಇದನ್ನು ಸಂಸ್ಥೆ ಭರಿಸುತ್ತದೆಯೋ ನೀವೋ ಎಂಬುದನ್ನು ಬರೆಸಿಕೊಳ್ಳಿ. ಶುಲ್ಕ ದುಬಾರಿಯೆನಿಸಿದರೂ ಅದರಿಂದ ಸರ್ಕಾರಿ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ. 60 ದಾಟಿದವರಿಗೆ ಇಂಗ್ಲೆಂಡಿನಲ್ಲಿ ವೈದ್ಯರು ಬರೆದುಕೊಟ್ಟ ಔಷಧಕ್ಕೆ ಹಣ ಕೊಡಬೇಕಾಗಿಲ್ಲ. ಹೊಸ ವೈದ್ಯರು ಗೊತ್ತಾಗುವವರೆಗೆ ಬೇಕಾಗುವ ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗಳ ಜೊತೆಗೆ ಚೀಟಿಯೂ ಇರಲಿ, ಅದರಲ್ಲಿ ಕಂಪನಿಯ ಹೆಸರಲ್ಲದೆ ಔಷಧದ ಮೂಲ ಹೆಸರನ್ನೂ ಬರೆಸಿ.

ಪಿಂಚಣಿಗೆ ವರ್ಷಕ್ಕೊಮ್ಮೆ ಕೊಡಬೇಕಾದ ಲೈಫ್ ಸರ್ಟಿಫಿಕೇಟನ್ನು ಅಲ್ಲಿನ ಭಾರತೀಯ ಹೈಕಮಿಷನ್ ಅಥವಾ ಕಾನ್ಸುಲೇಟ್ ಮೂಲಕ ಮಾಡಿಸಬಹುದು. ಹೊರಡುವ ಮುನ್ನ ಪಿಂಚಣಿ ಕೊಡುವ ಬ್ಯಾಂಕಿನಲ್ಲಿ ಆ ಕ್ರಮವನ್ನೂ, ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಪರದೇಶದಲ್ಲಿ ನೆಲೆಸಿದವರು ಇಲ್ಲಿನ ಆದಾಯಕ್ಕೆ ಇಟ್ಟುಕೊಳ್ಳುವ ಖಾತೆ) ಬದಲಿಸಬೇಕೇ ಎಂಬುದನ್ನೂ ವಿಚಾರಿಸಿ. ಬ್ಯಾಂಕಿನ ಓಟಿಪಿ ಬರುವ ಸಿಮ್ ಬಂದ್ ಆಗದಂತೆ ರೀಚಾರ್ಜ್ ಮಾಡಿಸುವುದು ನಿಮ್ಮ ಹೊಣೆ.

ಸಾಮಾನಿನ ಬಗ್ಗೆ ಎರಡು ಮಾತು. ಹಾಲಿನ ಪದಾರ್ಥಗಳನ್ನು ಭಾರತದಿಂದ ಅಲ್ಲಿಗೆ ಒಯ್ಯುವಂತಿಲ್ಲ, ಆದ್ದರಿಂದ ಪ್ರೀತಿಯಿಂದ ಕಟ್ಟಿಕೊಡುವ ತುಪ್ಪ, ಬೆಳಗಾವಿಯ ಕುಂದಾ ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸಾಕು. ಕೊರಳಲ್ಲಿರುವ ಬೆಳ್ಳಿಯ ಕರಡಿಗೆಗೆ ವಿಮಾನ ನಿಲ್ದಾಣದ ಯಂತ್ರ ಸದ್ದು ಮಾಡಿದರೆ ಗಾಬರಿಯಾಗದೆ, ಇದು ಪೂಜೆಯ ಇಷ್ಟಲಿಂಗವೆಂದು ಹೇಳಿ, ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಮಾಡಿರೆಂದು ಕೇಳಲು ತಂದೆ ತಾಯಿಗೆ ಹೇಳಿಕೊಡಿ. ಈ ಮಾತನ್ನು ಇಂಗ್ಲಿಷ್‌ನಲ್ಲಿ ಒಂದು ಚೀಟಿಯ ಮೇಲೆ ಬರೆದು ಪಾಸ್‌ಪೋರ್ಟಿನ ಜೊತೆಗೆ ಇಟ್ಟರೆ ಇನ್ನೂ ಅನುಕೂಲ.