ನಾಲ್ವರ ಕಚೇರಿಯಲ್ಲಿ ಪಕ್ಕವಾದ್ಯ ಯಾರದು?

ಪ್ರಶ್ನೆ: ಮಗನ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಅವನಿರುವ ಸಣ್ಣ ಊರಿನ ಚರ್ಚಿನಲ್ಲಿ ಒಂದು ಮಧ್ಯಾಹ್ನ ಕಚೇರಿ ಕೇಳಿದೆ. ಇನ್ನೂ ವಿದ್ಯಾರ್ಥಿಗಳಂತೆ ಕಾಣುತ್ತಿದ್ದ ನಾಲ್ವರು. ಇಬ್ಬರದು ಪಿಟೀಲು, ಒಬ್ಬರದು ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ, ಇನ್ನೊಬ್ಬರದು ಕುಳಿತು ನುಡಿಸುವ ದೊಡ್ಡ ಚೆಲ್ಲೊ. ಆಸ್ಟ್ರಿಯದ ಸಂಯೋಜಕ ಹೈಡನ್ನನ ‘ಎಂಪರರ್’ ಎಂಬ ಕೃತಿ ನುಡಿಸಿದರು. ಐವತ್ತು ವರ್ಷ ಕರ್ನಾಟಕ ಸಂಗೀತ ಕೇಳಿದ ನನಗೆ, ಮುಖ್ಯ ಕಲಾವಿದರು ಯಾರು, ಪಕ್ಕವಾದ್ಯ ಯಾರದು ಎಂಬುದೇ ಕೊನೆಯವರೆಗೂ ಗೊತ್ತಾಗಲಿಲ್ಲ. ಇದನ್ನು ಕೇಳುವ ಬಗೆ ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಗೊತ್ತಾಗಲಿಲ್ಲವೆಂದರೆ ನೀವು ಸರಿಯಾಗಿಯೇ ಕೇಳಿದ್ದೀರಿ. ಆ ಎರಡು ಸ್ಥಾನಗಳು ಅಲ್ಲಿ ಗಳಿಗೆಗೊಮ್ಮೆ ಕೈ ಬದಲಾಗುತ್ತವೆ, ಮತ್ತು ಆ ಕೈಬದಲನ್ನು ಹಿಂಬಾಲಿಸುವುದೇ ಕ್ವಾರ್ಟೆಟ್, ಅಂದರೆ ಇಂಥ ನಾಲ್ವರ ಮೇಳ, ಕೇಳುವ ಸುಖ. ನೀವು ಕೇಳಿದ ಕೃತಿಯ ಎರಡನೆಯ ಭಾಗಕ್ಕಿಂತ ಒಳ್ಳೆಯ ಪಾಠ ಇದಕ್ಕೆ ಸಿಗುವುದು ಕಷ್ಟ. ಆಸ್ಟ್ರಿಯವನ್ನು ಆಳುತ್ತಿದ್ದ ಚಕ್ರವರ್ತಿಯ ಗೌರವಕ್ಕಾಗಿ ಹೈಡನ್ 1797ರಲ್ಲಿ ಒಂದು ಹಾಡಿಗೆ ಸ್ವರ ಸಂಯೋಜಿಸಿದ್ದ. ಈ ಭಾಗದಲ್ಲಿರುವುದು ಆ ಧಾಟಿಯೇ; ಇಂದು ಅದು ಜರ್ಮನಿಯ ರಾಷ್ಟ್ರಗೀತೆಯಲ್ಲಿದೆ. ನಮ್ಮ ಕಿವಿಗೆ ಅದು ಶಂಕರಾಭರಣದ ಸ್ವರಗಳಲ್ಲೇ ನಡೆಯುತ್ತದೆ, ನಡುವೆ ಒಂದೆಡೆ ಮಾತ್ರ ಆ ರಾಗದ್ದಲ್ಲದ ಪ್ರತಿಮಧ್ಯಮ ಇಣುಕಿ ಹೋಗುತ್ತದೆ. ಮೊದಲು ನಾಲ್ವರೂ ಸೇರಿ ಅದನ್ನು ನುಡಿಸುತ್ತಾರೆ, ಆಮೇಲೆ ನಾಲ್ಕು ಸುತ್ತುಗಳು ಬರುತ್ತವೆ. ಮೊದಲ ಸುತ್ತಿನಲ್ಲಿ ಎರಡನೆಯ ಪಿಟೀಲು ಧಾಟಿಯನ್ನು ಹಿಡಿದುಕೊಂಡರೆ, ಮೊದಲ ಪಿಟೀಲು ಅದರ ಮೇಲೆ ಸಣ್ಣ ಸ್ವರಗಳ ಬಳ್ಳಿ ಹಬ್ಬಿಸುತ್ತದೆ, ಉಳಿದಿಬ್ಬರು ಸುಮ್ಮನಿರುತ್ತಾರೆ. ಎರಡನೆಯ ಸುತ್ತಿನಲ್ಲಿ ಧಾಟಿ ಚೆಲ್ಲೊ ಪಾಲಿಗೆ ಬರುತ್ತದೆ, ಮೂರನೆಯದರಲ್ಲಿ ವಯೋಲಾ ಪಾಲಿಗೆ, ಕೊನೆಯಲ್ಲಿ ಮತ್ತೆ ಮೊದಲ ಪಿಟೀಲಿಗೆ. ನಮ್ಮಲ್ಲಿ ಪಲ್ಲವಿಯ ಸಾಲೇ ಸಂಗತಿಯಿಂದ ಸಂಗತಿಗೆ ಬೆಳೆಯುತ್ತದಲ್ಲವೇ? ಇಲ್ಲಿ ಸಾಲು ಇದ್ದ ಹಾಗೆಯೇ ಇದ್ದು, ಅದರ ಸುತ್ತಲಿನ ಧ್ವನಿಗಳೇ ಬೆಳೆಯುತ್ತಾ ಹೋಗುತ್ತವೆ. ನನ್ನ ಮಟ್ಟಿಗೆ, ಒಂದು ಸ್ವರವನ್ನೂ ಅಲುಗಿಸದೆ ಒಂದು ಹಾಡಿಗೆ ಐದು ಮುಖಗಳನ್ನು ಕೊಟ್ಟ ಇಷ್ಟು ಸರಳವಾದ, ಇಷ್ಟು ಆಳವಾದ ಕೆಲಸ ಬೇರೊಂದಿಲ್ಲ.

ಇನ್ನೊಮ್ಮೆ ಹೋದಾಗ ಮುಂದಿನ ಸಾಲಿನಲ್ಲಿ ಕುಳಿತು ಆರಂಭದ ಕ್ಷಣವನ್ನು ನೋಡಿ. ತಾಳ ಹಾಕುವವರಾಗಲಿ ಕೋಲು ಹಿಡಿದು ನಡೆಸುವವರಾಗಲಿ ಅಲ್ಲಿಲ್ಲ. ಮೊದಲ ಪಿಟೀಲಿನವರು ಕಮಾನು ತಂತಿಗೆ ತಾಕುವ ಮುನ್ನ ಮೂಗಿನಲ್ಲಿ ಸಣ್ಣಗೆ ಉಸಿರೆಳೆದುಕೊಳ್ಳುತ್ತಾರೆ, ಪಿಟೀಲಿನ ತಲೆ ಕೂದಲೆಳೆಯಷ್ಟು ಮೇಲೇಳುತ್ತದೆ, ನಾಲ್ಕು ಕಮಾನುಗಳು ಒಟ್ಟಿಗೆ ಇಳಿಯುತ್ತವೆ. ಆ ಉಸಿರಿನ ಅಳತೆಯಲ್ಲೇ ಕಾಲವೂ ಗತ್ತೂ ನಿಶ್ಚಯವಾಗಿರುತ್ತದೆ. ಹೊಸದಾಗಿ ಕೂಡಿದ ತರುಣರು ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು ಇದನ್ನೇ.

ಸಣ್ಣ ಊರಿನ ಚರ್ಚು ಇದಕ್ಕೆ ತಕ್ಕ ಜಾಗವೂ ಹೌದು. ಹೈಡನ್ ತನ್ನ ಮೊದಲ ಕ್ವಾರ್ಟೆಟ್‌ಗಳನ್ನು ಬರೆದದ್ದು 1750ರ ದಶಕದಲ್ಲಿ, ಹಳ್ಳಿಗಾಡಿನ ಒಬ್ಬ ಜಮೀನುದಾರನ ಮನೆಗಾಗಿ. ಅಲ್ಲಿ ನುಡಿಸಲು ಸಿಕ್ಕವರು ಊರಿನ ಪಾದ್ರಿ, ಜಮೀನಿನ ಮೇಲ್ವಿಚಾರಕ, ಒಬ್ಬ ಚೆಲ್ಲೊ ವಾದಕ ಮತ್ತು ಸ್ವತಃ ಹೈಡನ್. ಇದ್ದ ನಾಲ್ವರಿಗಾಗಿ ಹುಟ್ಟಿದ ಸಂಗೀತ ಅದು. ಮೈಕ್ ಇಲ್ಲದ ಕಾಲದಲ್ಲಿ ದೊಡ್ಡ ಸಭೆಗೆ ನಾದ ಮುಟ್ಟಲೆಂದು ನಿಮ್ಮ ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರು; ಕ್ವಾರ್ಟೆಟ್‌ನವರು ಇಂದಿಗೂ ಮೈಕ್ ಮುಟ್ಟದೆ, ತಮ್ಮ ನಾದಕ್ಕೆ ಒಪ್ಪುವ ಅಳತೆಯ ಕೋಣೆಯನ್ನೇ ಹುಡುಕುತ್ತಾರೆ. ಲಂಡನ್ನಿನಲ್ಲಿ ಇವರೆಲ್ಲರ ಕನಸಿನ ವೇದಿಕೆಯಾದ ವಿಗ್ಮೋರ್ ಹಾಲಿನಲ್ಲಿ ಇರುವುದೂ ಸುಮಾರು 550 ಆಸನಗಳು ಮಾತ್ರ.

ಪ್ರಶ್ನೆ: ಇಂಥ ಕಚೇರಿಗಳಲ್ಲಿ ಒಂದು ಭಾಗ ಮುಗಿದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲವೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಸಾಮಾನ್ಯವಾಗಿ ನಾಲ್ಕು ಭಾಗಗಳು ಸೇರಿ ಒಂದೇ ಕೃತಿಯಾದ್ದರಿಂದ, ಪೂರ್ತಿ ಮುಗಿಯುವವರೆಗೆ ಕಾಯುವುದು ಈಗಿನ ರೂಢಿ. ಹೈಡನ್ನನ ಕಾಲದಲ್ಲಿ ಹೀಗಿರಲಿಲ್ಲ. ಜನ ನಡುನಡುವೆ ಮೆಚ್ಚುಗೆ ತೋರುತ್ತಿದ್ದರು. ಅರಿಯದೆ ಕೈ ತಟ್ಟಿದರೆ ಸಂಕೋಚಪಡಬೇಡಿ. ಎಳೆಯ ಕಲಾವಿದರು ಅದನ್ನು ಪ್ರೀತಿಯೆಂದೇ ತಿಳಿಯುತ್ತಾರೆ.

ಪ್ರಶ್ನೆ: ನನ್ನ ಮಗಳು ಎಂಟು ವರ್ಷದಿಂದ ಪಾಶ್ಚಾತ್ಯ ಪಿಟೀಲು ಕಲಿಯುತ್ತಿದ್ದಾಳೆ. ಗೆಳತಿಯರು ಸೇರಿ ಕ್ವಾರ್ಟೆಟ್ ಕಟ್ಟಿ, ನಮ್ಮ ಬಡಾವಣೆಯ ಸಭಾಂಗಣದಲ್ಲಿ ನುಡಿಸಲಿದ್ದಾರೆ. ಅವಳಿಗೆ ವಯೋಲಾ ಹಿಡಿಯಲು ಹೇಳಿದ್ದಾರೆ. ಹಿಂದಕ್ಕೆ ತಳ್ಳಿದರೆಂದು ಎರಡು ದಿನ ಅತ್ತಳು. ಏನು ಹೇಳಲಿ?
– ತಾಯಿಯೊಬ್ಬರು, ಬೆಂಗಳೂರು

ಉತ್ತರ: ಅವಳಿಗೆ ಅಮಡೇಯಸ್ ಕ್ವಾರ್ಟೆಟ್‌ನ ಕಥೆ ಹೇಳಿ. ನಾಜಿಗಳ ಕಾಟಕ್ಕೆ ವಿಯೆನ್ನಾ ಬಿಟ್ಟು ಇಂಗ್ಲೆಂಡಿಗೆ ಬಂದ ಮೂವರು ಹುಡುಗರನ್ನು, ಶತ್ರುದೇಶದವರೆಂಬ ಕಾರಣಕ್ಕೆ ಯುದ್ಧಕಾಲದಲ್ಲಿ ಬ್ರಿಟಿಷ್ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲೊಬ್ಬರಿಗೆ ಉಳಿದಿಬ್ಬರ ಪರಿಚಯವಾದದ್ದು ಆ ಶಿಬಿರಗಳಲ್ಲೇ. ನಾರ್ಬರ್ಟ್ ಬ್ರೈನಿನ್, ಸೀಗ್ಮಂಡ್ ನಿಸೆಲ್, ಪೀಟರ್ ಶಿಡ್ಲಾಫ್: ಮೂವರೂ ಪಿಟೀಲಿನವರೇ. ಬಿಡುಗಡೆಯಾದ ಮೇಲೆ ಮ್ಯಾಕ್ಸ್ ರೋಸ್ಟಾಲ್ ಎಂಬ ಗುರುಗಳು ಶುಲ್ಕ ತೆಗೆದುಕೊಳ್ಳದೆ ಕಲಿಸಿದರು. ಇಂಗ್ಲೆಂಡಿನವರೇ ಆದ ಚೆಲ್ಲೊ ವಾದಕ ಮಾರ್ಟಿನ್ ಲವೆಟ್ ಜೊತೆಯಾದಾಗ, ಮೂವರಲ್ಲಿ ಒಬ್ಬರು ಪಿಟೀಲು ಬಿಡಲೇಬೇಕಾಯಿತು. ಶಿಡ್ಲಾಫ್ ವಯೋಲಾ ಕೈಗೆತ್ತಿಕೊಂಡರು. 1948ರ ಜನವರಿ 10ರಂದು ಅವರು ವಿಗ್ಮೋರ್ ಹಾಲಿನಲ್ಲಿ ಆ ಹೆಸರಿನಿಂದ ಮೊದಲ ಕಚೇರಿ ನೀಡಿದರು. ಮುಂದೆ ಸುಮಾರು ನಲವತ್ತು ವರ್ಷ ಅದೇ ನಾಲ್ವರು ಒಟ್ಟಿಗೆ ನುಡಿಸಿದರು. 1987ರಲ್ಲಿ ಶಿಡ್ಲಾಫ್ ತೀರಿಕೊಂಡಾಗ ಉಳಿದ ಮೂವರು ಆ ಜಾಗಕ್ಕೆ ಇನ್ನೊಬ್ಬರನ್ನು ಕರೆಯಲಿಲ್ಲ, ಕ್ವಾರ್ಟೆಟ್ಟನ್ನೇ ನಿಲ್ಲಿಸಿಬಿಟ್ಟರು. ವಯೋಲಾ ನುಡಿಸುವವರ ಬೆಲೆ ಏನೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಮೋಜಾರ್ಟ್ ಕೂಡ ಗೆಳೆಯರೊಡನೆ ಕ್ವಾರ್ಟೆಟ್‌ಗೆ ಕುಳಿತಾಗ ವಯೋಲಾ ಹಿಡಿಯುತ್ತಿದ್ದ. 1784ರಲ್ಲಿ ವಿಯೆನ್ನಾದ ಒಂದು ಮನೆಯಲ್ಲಿ ಹೈಡನ್ ಪಿಟೀಲಿಗೂ ಮೋಜಾರ್ಟ್ ವಯೋಲಾಕ್ಕೂ ಕುಳಿತದ್ದನ್ನು, ಅಲ್ಲಿದ್ದ ಗಾಯಕ ಮೈಕೆಲ್ ಕೆಲ್ಲಿ ಬರೆದಿಟ್ಟಿದ್ದಾನೆ.

ಶ್ರಮವಂತೂ ಇದೆ, ಅದನ್ನು ಮುಚ್ಚಿಡಬೇಡಿ. ಪಿಟೀಲಿನ ಅತಿ ತೆಳುವಾದ ತಂತಿಯನ್ನು ತೆಗೆದು, ಇನ್ನೊಂದು ಬದಿಗೆ ಮತ್ತೂ ಕೆಳಶ್ರುತಿಯ ದಪ್ಪ ತಂತಿಯೊಂದನ್ನು ಸೇರಿಸಿದಂತೆ ವಯೋಲಾದ ರಚನೆ. ಒಡಲು ದೊಡ್ಡದಾದ್ದರಿಂದ ಎಡಗೈ ಬೆರಳುಗಳು ಹೆಚ್ಚು ಅಗಲಿಸಬೇಕು, ಕಮಾನಿಗೆ ಹೆಚ್ಚು ತೂಕ ಕೊಡಬೇಕು, ಸ್ವರಲಿಪಿಯನ್ನೂ ಬೇರೆ ಗುರುತಿನಲ್ಲಿ ಓದಬೇಕು. ಮೊದಲ ವಾರಗಳಲ್ಲಿ ಭುಜ ನೋಯಬಹುದು. ಅವಳ ಕೈಯಳತೆಗೆ ಸರಿಹೊಂದುವ ವಯೋಲಾ ಆರಿಸಿಕೊಡಲು ಗುರುಗಳಿಗೆ ಹೇಳಿ. ಮೇಲಿನ ಉತ್ತರದಲ್ಲಿ ಹೇಳಿದ ‘ಎಂಪರರ್’ನ ಮೂರನೆಯ ಸುತ್ತನ್ನೂ ಮಗಳಿಗೆ ಕೇಳಿಸಿ. ಅಲ್ಲಿ ಮೊದಲ ಪಿಟೀಲೇ ವಯೋಲಾಕ್ಕೆ ಪಕ್ಕವಾದ್ಯ.