ಬೆಳ್ಳಿ ಬಣ್ಣ ಹಾಕಿದಾಗ ಮಾತ್ರ ಏರ್‌ಬ್ರಷ್ ಕಟ್ಟಿಕೊಳ್ಳುವುದೇಕೆ?

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಉಪಕರಣವಾದ ಏರ್‌ಬ್ರಷ್‌ನ 0.2 ಮಿ.ಮೀ. ನಾಜಲ್‌ನಲ್ಲಿ ಬೂದು, ಹಸಿರು ಬಣ್ಣಗಳು ಸರಾಗವಾಗಿ ಬರುತ್ತವೆ, ಆದರೆ 1/72 ಅಳತೆಯ ಮಿಗ್-21 ವಿಮಾನದ ಮಾದರಿಗೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬೆಳ್ಳಿ ಬಣ್ಣ ಹೊಡೆಯಲು ಹೊರಟರೆ ಸ್ವಲ್ಪ ಹೊತ್ತಿಗೇ ಬರೀ ಗಾಳಿ ಬರುತ್ತದೆ, ಟ್ರಿಗರ್ ಇನ್ನೂ ಎಳೆದರೆ ದಪ್ಪ ಹನಿಗಳು ಸಿಡಿಯುತ್ತವೆ ಎಂದು ಕೇಳಿದ್ದೀರಿ. ಈ ಲಕ್ಷಣಗಳನ್ನು ನೋಡಿದರೆ ದೋಷ ಉಪಕರಣಕ್ಕಿಂತ ಹೆಚ್ಚಾಗಿ ಬಣ್ಣದ ಹದದಲ್ಲಿದೆ ಎಂದು ನನಗನ್ನಿಸುತ್ತದೆ. ಆದರೂ ಊಹೆಯ ಮೇಲೆ ಏರ್‌ಬ್ರಷ್ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಬಣ್ಣದ ಕಪ್ ತೊಳೆದು, ಬರೀ ಥಿನ್ನರ್ (ಬಣ್ಣ ತೆಳುಗೊಳಿಸುವ ದ್ರವ) ಹಾಕಿ ಕಾಗದದ ಮೇಲೆ ಸಿಂಪಡಿಸಿ. ತುಂತುರು ಒಂದೇ ಸಮ ಬಂದರೆ ಬಣ್ಣವನ್ನೇ ಸರಿಪಡಿಸಬೇಕು. ಕಪ್ಪಿನೊಳಗೆ ಗುಳ್ಳೆ ಏಳುತ್ತಿದ್ದರೆ ಗಾಳಿ ಹಿಮ್ಮುಖವಾಗಿ ನುಗ್ಗುತ್ತಿದೆ ಎಂದರ್ಥ. ನಾಜಲ್ ಸರಿಯಾಗಿ ಕೂತಿಲ್ಲ, ಸೀಲ್ ಸವೆದಿದೆ ಅಥವಾ ಮುಂದಿನ ಕ್ಯಾಪ್‌ನಲ್ಲಿ ಬಣ್ಣ ಒಣಗಿ ದಾರಿ ಮುಚ್ಚಿದೆ.

ಸಾಮಾನ್ಯ ಬಣ್ಣದಲ್ಲಿರುವುದು ನುಣ್ಣನೆಯ ಪುಡಿ. ಲೋಹದ ಬಣ್ಣದಲ್ಲಿ ಅಲ್ಯೂಮಿನಿಯಂನ ಅಥವಾ ಅಭ್ರಕದ ಚಪ್ಪಟೆ ಚಕ್ಕೆಗಳಿರುತ್ತವೆ. ಅವು ಬೇಗ ತಳಕ್ಕಿಳಿಯುತ್ತವೆ, ಮತ್ತು ಕಪ್ಪಿನ ತಳವೇ ನಾಜಲ್‌ಗೆ ಹೋಗುವ ದಾರಿಯಾಗಿರುವುದರಿಂದ ಗಸಿಯೆಲ್ಲ ಏರ್‌ಬ್ರಷ್ ಒಳಗಿನ ಸೂಜಿಗೂ ನಾಜಲ್‌ಗೂ ನಡುವಿನ ಆ ಕೂದಲೆಳೆಯಷ್ಟು ಸಂದಿಗೆ ಒಟ್ಟಿಗೇ ಬಂದು ಸೇರುತ್ತದೆ. ಇದರ ಜೊತೆಗೆ ಅಕ್ರಿಲಿಕ್ ಬಣ್ಣವು ಗಾಳಿಯ ರಭಸಕ್ಕೆ ಸೂಜಿಯ ಮೊನೆಯಲ್ಲೇ ಒಣಗುತ್ತದೆ. ಒಣಗಿದ ಆ ಚೂರಿಗೆ ಚಕ್ಕೆಗಳು ಅಂಟಿ, ಮೊನೆಯಲ್ಲಿ ಬೆಳ್ಳಿಯ ಸಣ್ಣ ಗಡ್ಡ ಬೆಳೆದಂತೆ ಕಾಣುತ್ತದೆ. ನೀವು ಹೇಳಿದ ದಪ್ಪ ಹನಿಗಳು ಹೆಚ್ಚಿನ ಮಟ್ಟಿಗೆ ಅಲ್ಲಿಂದಲೇ ಸಿಡಿಯುತ್ತವೆ.

ಆದ್ದರಿಂದ ಬಾಟಲಿಯನ್ನು ತಲೆಕೆಳಗು ಮಾಡಿ ತಳದಲ್ಲಿ ಗಸಿ ಉಳಿದಿಲ್ಲವೆಂದು ಖಾತ್ರಿಯಾಗುವವರೆಗೆ ಅಲುಗಾಡಿಸಿ. ಒಳಗೆ ಒಂದು ಸ್ಟೀಲ್ ಗುಂಡು ಹಾಕಿದರೆ ಕೆಲಸ ಸುಲಭ. ಕಪ್ ತುಂಬಿಸಬೇಡಿ. ಹತ್ತಾರು ಹನಿ ಹಾಕಿ, ಅದು ಮುಗಿದ ಮೇಲೆ ಮತ್ತೆ ಹಾಕಿ, ನಡುನಡುವೆ ಹಳೆಯ ಬ್ರಷ್ಷಿನಿಂದ ಕಲಕುತ್ತಿರಿ. ಹದ ಹಾಲಿಗಿಂತ ತುಸು ತೆಳ್ಳಗಿರಲಿ, ಆದರೆ ನೀರಾಗಬಾರದು. ಅತಿಯಾಗಿ ತೆಳುವಾದರೆ ಚಕ್ಕೆಗಳು ಮಾದರಿಯ ಮೈಮೇಲೆ ಹರಿದು ಅಲ್ಲಲ್ಲಿ ಕಲೆಯಂತೆ ಕೂಡಿಕೊಳ್ಳುತ್ತವೆ. ಒಂದೆರಡು ಹನಿ ರಿಟಾರ್ಡರ್ ಸೇರಿಸಿದರೆ ಮೊನೆಯಲ್ಲಿ ಒಣಗುವುದು ನಿಧಾನವಾಗುತ್ತದೆ. ಒತ್ತಡ 15 ರಿಂದ 20 ಪಿಎಸ್‌ಐ ಇದ್ದರೆ ಸಾಕು. ಬಣ್ಣ ಬರುತ್ತಿಲ್ಲವೆಂದು ಒತ್ತಡ ಏರಿಸುವುದು ಎಲ್ಲರೂ ಮಾಡುವ ಕೆಲಸ, ಆದರೆ ಅದರಿಂದ ಮೊನೆ ಇನ್ನೂ ಬೇಗ ಒಣಗುತ್ತದೆ. ಬದಲಿಗೆ ಆಗಾಗ ಗಾಳಿ ನಿಲ್ಲಿಸಿ, ಥಿನ್ನರ್‌ನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಮೊನೆಯನ್ನು ಒರೆಸಿ.

ಥಿನ್ನರ್ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ: ಬಣ್ಣದ ಕಂಪನಿಯದೇ ಥಿನ್ನರ್ ಬಳಸಿ. ತಮಿಯಾ ಅಕ್ರಿಲಿಕ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಗ್ಗುತ್ತದೆ. ಅದನ್ನೇ ವಲ್ಲೆಹೊ ಬಣ್ಣಕ್ಕೆ ಬೆರೆಸಿದರೆ ಬಣ್ಣ ಒಡೆದು ಲೋಳೆಯಂತಾಗಿ ನಾಜಲ್ ಮುಚ್ಚುತ್ತದೆ, ನಾವು ಅದನ್ನು ಚಕ್ಕೆಯ ತೊಂದರೆಯೆಂದುಕೊಳ್ಳುತ್ತೇವೆ. ಬಾಟಲಿಯ ಮುಚ್ಚಳದಲ್ಲಿ ನಾಲ್ಕು ಹನಿ ಬೆರೆಸಿ ನೋಡಿದರೆ ಮೊದಲೇ ತಿಳಿಯುತ್ತದೆ.

ಇಷ್ಟಾದರೂ ಕಟ್ಟಿಕೊಂಡರೆ 0.3 ಅಥವಾ 0.4 ಮಿ.ಮೀ. ನಾಜಲ್‌ಗೆ ಬದಲಾಯಿಸಿ. ಆ ಅಳತೆಯ ಸೂಜಿಯನ್ನೂ ಜೊತೆಗೇ ಬದಲಿಸಬೇಕು. ಕೆಲವು ಏರ್‌ಬ್ರಷ್‌ಗಳಲ್ಲಿ ಮುಂದಿನ ಕ್ಯಾಪ್ ಕೂಡ ಬೇರೆಯದೇ ಇರುತ್ತದೆ. ಇಡೀ ವಿಮಾನಕ್ಕೆ ಬೆಳ್ಳಿ ಹೊಡೆಯಲು 0.2ರಷ್ಟು ಸಣ್ಣ ನಾಜಲ್ ಬೇಕಾಗಿಯೂ ಇಲ್ಲ. ಆಲ್‌ಕ್ಲ್ಯಾಡ್‌ನಂಥ ಲ್ಯಾಕರ್ ಬಣ್ಣಗಳಲ್ಲಿ (ನೀರಿನ ಬದಲು ತೀಕ್ಷ್ಣ ದ್ರಾವಕದಲ್ಲಿರುವ ಬಣ್ಣಗಳು) ಈ ಕಾಟ ಬಹಳ ಕಡಿಮೆ, ಆದರೆ ಅದರ ಹಬೆಗೆ ತಕ್ಕ ಮಾಸ್ಕ್ ಮತ್ತು ಗಾಳಿ ಹೊರಹೋಗುವ ವ್ಯವಸ್ಥೆ ಇಲ್ಲದ ಕೋಣೆಯಲ್ಲಿ ಅದನ್ನು ಮುಟ್ಟಲೇಬೇಡಿ.

ಕೆಲಸ ಮುಗಿದೊಡನೆ ನಾಜಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ತೂತು ಪೂರ್ತಿ ದುಂಡಗೆ ಕಾಣದಿದ್ದರೆ, ಒಳಗೆ ಹೊಳೆಯುವ ಉಂಗುರವೊಂದು ಕಂಡರೆ, ಅದು ಉಳಿದ ಚಕ್ಕೆ. ನಾಜಲನ್ನು ಕ್ಲೀನರ್‌ನಲ್ಲಿ ನೆನೆಸಿ, ಹಲ್ಲಿನ ಸಂದಿಗೆ ಬಳಸುವ ಮೆತ್ತನೆಯ ಬ್ರಷ್ಷಿನಿಂದ ಹಿಂದಿನ ಅಗಲದ ಕಡೆಯಿಂದ ತೆಗೆಯಿರಿ. ಹೊಲಿಗೆ ಸೂಜಿ, ತಂತಿ ತೂರಿಸಿದರೆ ತೂತು ಅಗಲವಾಗಿ ನಾಜಲ್ ಹಾಳಾಗುತ್ತದೆ. ಮರಳಿ ಕೂರಿಸುವಾಗ ಸ್ಪ್ಯಾನರ್‌ನಿಂದ ಜೋರಾಗಿ ಬಿಗಿಯಬೇಡಿ. ನಾಜಲ್‌ನ ಅಷ್ಟು ಸಣ್ಣ ತಿರುಪು ಸುಲಭವಾಗಿ ಮುರಿಯುತ್ತದೆ, ಒಳಗೆ ಉಳಿದ ತುಂಡನ್ನು ತೆಗೆಯುವುದು ಮನೆಯಲ್ಲಿ ಆಗುವ ಕೆಲಸವಲ್ಲ.