ಅಂಗುಳಿನಲ್ಲಿ ಸಿಕ್ಕಿಕೊಂಡ ಕೋರೆಹಲ್ಲು

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಮೇಲಿನ ಬಲ ಕೋರೆಹಲ್ಲು ಹುಟ್ಟಿ ವರ್ಷವಾಯಿತು; ಎಡಗಡೆ ಮಾತ್ರ ಹಾಲುಹಲ್ಲು ಇನ್ನೂ ಅಲುಗಾಡದೆ ಕುಳಿತಿದೆ. ಹೊಸ ಹಲ್ಲು ಅಂಗುಳಿನ ಕಡೆ ಓರೆಯಾಗಿ ಸಿಕ್ಕಿಕೊಂಡಿದೆ, ವಸಡು ಬಿಡಿಸಿ ತಂತಿಯ ಸಹಾಯದಿಂದ ಎಳೆಯಬೇಕು ಎಂದು ಎಕ್ಸ್-ರೇ ನೋಡಿದ ವೈದ್ಯರು ಹೇಳಿದ್ದಾರೆ. ನೋವೇ ಇಲ್ಲದ ಹಲ್ಲಿಗೆ ಆಪರೇಷನ್ ಏಕೆ, ಹಾಗೇ ಬಿಡಿ, ಇಲ್ಲವೇ ತೆಗೆಸಿಬಿಡಿ ಎನ್ನುತ್ತಾರೆ ನಮ್ಮ ಅತ್ತೆಯವರು. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ನಿಮ್ಮ ವೈದ್ಯರ ಸಲಹೆ ಸರಿಯಾಗಿದೆ. ನೋವಿಲ್ಲ ಎಂಬ ಕಾರಣಕ್ಕೆ ಸುಮ್ಮನಿರುವುದೇ ಇಲ್ಲಿ ಅಪಾಯ. ಮೇಲಿನ ಕೋರೆಹಲ್ಲು ಮೂಗಿನ ಪಕ್ಕ ಬಹಳ ಎತ್ತರದಲ್ಲಿ ರೂಪುಗೊಂಡು, ಪಕ್ಕದ ಬಾಚಿಹಲ್ಲಿನ ಬೇರಿನ ಗುಂಟ ಕೆಳಗಿಳಿದು, ಸಾಮಾನ್ಯವಾಗಿ 11–12ನೇ ವಯಸ್ಸಿನಲ್ಲಿ ಹೊರಬರುತ್ತದೆ. ಇಷ್ಟು ದೂರದ ಹಾದಿಯಲ್ಲಿ ದಿಕ್ಕು ತಪ್ಪಿದರೆ ಅದು ಆ ಬಾಚಿಹಲ್ಲಿನ ಬೇರಿಗೇ ಒತ್ತಿಕೊಂಡು, ಯಾವ ನೋವನ್ನೂ ಕೊಡದೆ ಬೇರನ್ನು ಕರಗಿಸುತ್ತಾ ಹೋಗಬಹುದು. ಗೊತ್ತಾಗುವ ಹೊತ್ತಿಗೆ ಚೆನ್ನಾಗಿದ್ದ ಮುಂದಿನ ಹಲ್ಲೇ ಕೈಬಿಟ್ಟಿರುತ್ತದೆ. ಆದ್ದರಿಂದ ಚಿಕಿತ್ಸೆಗೆ ಮೊದಲು ಸಿಬಿಸಿಟಿ ಸ್ಕ್ಯಾನ್ (ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಎಕ್ಸ್-ರೇ) ಮಾಡಿಸಬೇಕೇ ಎಂದು ಕೇಳಿ. ಹಲ್ಲು ಎಲ್ಲಿದೆ, ಪಕ್ಕದ ಬೇರು ಹೇಗಿದೆ ಎಂಬುದು ಸಾಮಾನ್ಯ ಎಕ್ಸ್-ರೇಗಿಂತ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ತೆಗೆಸಿಬಿಡುವ ಮಾತನ್ನು ಈ ವಯಸ್ಸಿನಲ್ಲಿ ಕೊನೆಯ ದಾರಿಯಾಗಿ ಮಾತ್ರ ಇಟ್ಟುಕೊಳ್ಳಿ. ಬಾಯಿಯಲ್ಲಿ ಅತ್ಯಂತ ಉದ್ದವಾದ ಬೇರು ಇರುವುದು ಕೋರೆಹಲ್ಲಿಗೆ. ಅದರ ಜಾಗದಲ್ಲಿ ಉಳಿದ ಹಾಲುಹಲ್ಲನ್ನು ಕೊನೆಯವರೆಗೂ ನಂಬಲಾಗದು.

ಆರ್ಥೊಡಾಂಟಿಸ್ಟ್, ಅಂದರೆ ಹಲ್ಲುಗಳನ್ನು ಸಾಲಿಗೆ ತರುವ ತಜ್ಞ ದಂತವೈದ್ಯರು, ಮೊದಲು ಹಲ್ಲುಗಳಿಗೆ ತಂತಿ ಹಾಕಿ ಕೋರೆಹಲ್ಲಿಗೆ ಜಾಗ ಮಾಡುತ್ತಾರೆ. ಬಳಿಕ ಆ ಭಾಗವನ್ನಷ್ಟೇ ಮರಗಟ್ಟಿಸಿ, ವಸಡನ್ನು ಬಿಡಿಸಿ, ಹಲ್ಲಿನ ಮೇಲಿನ ತೆಳು ಮೂಳೆಯನ್ನು ಸರಿಸಿ, ಕಾಣಿಸಿದ ಹಲ್ಲಿಗೆ ಕಾಳುಮೆಣಸಿಗಿಂತ ಚಿಕ್ಕದಾದ ಲೋಹದ ಗುಂಡಿಯೊಂದನ್ನು ಅಂಟಿಸುತ್ತಾರೆ. ಅದಕ್ಕೆ ಸಿಕ್ಕಿಸಿದ ನವಿರಾದ ಸರಪಣಿಯ ತುದಿ ಮಾತ್ರ ಹೊರಗಿರುವಂತೆ ವಸಡನ್ನು ಹೊಲಿಯುವುದುಂಟು; ಹಲ್ಲು ಮೇಲುಮೇಲೇ ಇದ್ದರೆ ಹೊಲಿಯದೆ ತೆರೆದು ಬಿಡುವುದೂ ಉಂಟು. ಮುಂದೆ ನಾಲ್ಕರಿಂದ ಆರು ವಾರಗಳಿಗೊಮ್ಮೆ ಸರಪಣಿಯನ್ನು ಬಿಗಿಗೊಳಿಸುತ್ತಾ ಬಹಳ ಹಗುರವಾಗಿ ಎಳೆಯುತ್ತಾರೆ, ಏಕೆಂದರೆ ಅವಸರದಿಂದ ಜೋರಾಗಿ ಎಳೆದರೆ ಬೇರುಗಳಿಗೇ ಪೆಟ್ಟು. ಒಟ್ಟು ಚಿಕಿತ್ಸೆ ಎರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ ಎಂಬುದನ್ನು ಮಗಳಿಗೆ ಈಗಲೇ ಹೇಳಿ ಒಪ್ಪಿಸಿ. ಗುಂಡಿ ಕಿತ್ತುಬಂದರೆ ಮತ್ತೆ ವಸಡು ಬಿಡಿಸಬೇಕಾಗಬಹುದು; ಚಕ್ಕುಲಿ, ಕಬ್ಬು ಕಚ್ಚುವುದು ಸದ್ಯಕ್ಕೆ ಬೇಡ.

ನಿಮಗೆ ಚಿಕ್ಕ ಮಕ್ಕಳಿದ್ದರೆ ಇನ್ನೊಂದು ಮಾತು. ಈ ತೊಂದರೆ ಕುಟುಂಬದಲ್ಲಿ ಮರುಕಳಿಸುವುದುಂಟು. 9–10ನೇ ವಯಸ್ಸಿನಲ್ಲಿ ಮೇಲ್ತುಟಿಯನ್ನು ಎತ್ತಿ, ಹಾಲಿನ ಕೋರೆಹಲ್ಲಿನ ಬೇರಿನ ಮೇಲೆ ವಸಡನ್ನು ಬೆರಳಿನಿಂದ ಸವರಿದರೆ ಗಟ್ಟಿಯಾದ ಉಬ್ಬು ತಾಗಬೇಕು. ಒಂದು ಕಡೆ ತಾಗಿ ಇನ್ನೊಂದು ಕಡೆ ತಾಗದಿದ್ದರೆ ದಂತವೈದ್ಯರಿಗೆ ತೋರಿಸಿ. ಸಕಾಲದಲ್ಲಿ ಹಾಲಿನ ಕೋರೆಹಲ್ಲನ್ನು ಕಿತ್ತರೆ ಒಳಗಿನ ಹಲ್ಲು ಎಷ್ಟೋ ಸಲ ತಾನಾಗಿ ದಾರಿಗೆ ಬರುತ್ತದೆ. ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಗುಳಿನ ಕಡೆ ವಾಲಿದ್ದ 46 ಕೋರೆಹಲ್ಲುಗಳಲ್ಲಿ 36 ಹೀಗೆ ಸರಿಹೋಗಿದ್ದವು. ಇಷ್ಟು ಸುಲಭದ ಅವಕಾಶ ಮಕ್ಕಳ ಕೈತಪ್ಪುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ನನಗೆ 34 ವರ್ಷ. ನನ್ನ ಕೋರೆಹಲ್ಲೂ ಒಳಗೇ ಉಳಿದಿದೆ. ಈಗ ಎಳೆಸಬಹುದೇ?
– ಓದುಗರು, ಶಿರಸಿ

ಉತ್ತರ: ಪ್ರಯತ್ನಿಸಬಹುದು, ಆದರೆ ಖಚಿತ ಭರವಸೆ ಕೊಡಲಾಗದು. ವಯಸ್ಸಾದಂತೆ ಹಲ್ಲು ಮೂಳೆಗೇ ಬೆಸೆದುಕೊಂಡಿರುವ ಸಾಧ್ಯತೆ ಹೆಚ್ಚುತ್ತದೆ. ಬೆಸೆದ ಹಲ್ಲು ಎಳೆದರೂ ಕದಲದೆ ಅಕ್ಕಪಕ್ಕದ ಹಲ್ಲುಗಳನ್ನೇ ತನ್ನತ್ತ ಸೆಳೆಯುತ್ತದೆ. ಎಷ್ಟು ತಿಂಗಳು ಎಳೆದು ನೋಡುವುದು, ಬಾರದಿದ್ದರೆ ತೆಗೆದು ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲು) ಅಥವಾ ಬ್ರಿಡ್ಜ್ (ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕೃತಕ ಹಲ್ಲು) ಹಾಕಿಸುವುದೇ ಎಂಬುದನ್ನು ತಂತಿ ಹಾಕಿಸುವ ಮೊದಲೇ ಆರ್ಥೊಡಾಂಟಿಸ್ಟ್ ಜೊತೆ ಮಾತನಾಡಿ ತೀರ್ಮಾನಿಸಿಕೊಳ್ಳಿ.